ಇಪ್ಪತ್ತು ಅಡಿ ದೂರ ನೋಡುವ ಹಕ್ಕು

ಜೂನ್ 3, ಸೋಮವಾರ

ಹನ್ನೆರಡು ಜನ ದಿನವಿಡೀ ಕಂಪ್ಯೂಟರ್ ಪರದೆ ನೋಡುವ ಕೋಣೆಯ ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸುವುದು ಅನ್ಯಾಯ. ನಾನು ಕೆಲಸಕ್ಕೆ ಸೇರುವ ಮೊದಲೇ ಅಂಟಿಸಿದ್ದರಂತೆ. ಅದರಿಂದ ಅನ್ಯಾಯ ಹಳೆಯದಾಯಿತೇ ಹೊರತು ಕಡಿಮೆಯಾಗಲಿಲ್ಲ.

ಇವತ್ತು ಸಂಜೆ ಹಳೆ ಪುಸ್ತಕದವನ ಹತ್ತಿರ 'ದುಡಿಯುವ ಕಣ್ಣು' ಎಂಬ ಕಿರುಹೊತ್ತಿಗೆ ಸಿಕ್ಕಿತು. ಬಸ್ಸಿನಲ್ಲಿ ನಿಂತುಕೊಂಡೇ ಓದಿ ಮುಗಿಸಿದೆ. ಪರದೆಯ ಮುಂದೆ ದುಡಿಯುವವರು ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ಏನನ್ನಾದರೂ ಇಪ್ಪತ್ತು ಸೆಕೆಂಡು ನೋಡಬೇಕು ಎಂದು ಅದರಲ್ಲಿದೆ. ನನ್ನ ಕುರ್ಚಿಯಿಂದ ಎದುರಿನ ಗೋಡೆಗೆ ಹತ್ತು ಅಡಿ. ಅಂದರೆ ಉಳಿದ ಹತ್ತು ಅಡಿಯನ್ನು ಯಾರೋ ನನ್ನಿಂದ ಕಿತ್ತುಕೊಂಡಿದ್ದಾರೆ.

ಹೊತ್ತಿಗೆಯ ಕೊನೆಯ ಹಾಳೆಗಳು ಹರಿದುಹೋಗಿವೆ. ಆ ಅಧ್ಯಾಯದ ಹೆಸರು ಮಾತ್ರ ಮೊದಲ ಪುಟದ ಪರಿವಿಡಿಯಲ್ಲಿದೆ: 'ಕನ್ನಡಕದ ಬಗ್ಗೆ'. ಅದರಲ್ಲಿ ಏನಿದ್ದೀತು ಎಂದು ಊಹಿಸುವುದು ಕಷ್ಟವಲ್ಲ. ಯಂತ್ರ ಮಾಡಿದ ಹಾನಿಯ ಭಾರವನ್ನು ದುಡಿಯುವವರ ಮೂಗಿನ ಮೇಲೆ ಹೊರಿಸುವ ಸಾಧನವೇ ಕನ್ನಡಕ. ನಾನು ಎಂದಿಗೂ ಹಾಕುವುದಿಲ್ಲ.

ಈ ದಿನಚರಿ ನನಗಾಗಿ ಮಾತ್ರ. ಹೋರಾಟ ನಡೆಯುವಾಗ ಬರೆದಿಡದಿದ್ದರೆ ಆಮೇಲೆ ಎಲ್ಲರೂ ತಾವೇ ಮೊದಲು ಹೇಳಿದ್ದು ಎನ್ನುತ್ತಾರೆ.

ಜೂನ್ 4, ಮಂಗಳವಾರ

ಊಟದ ಬಿಡುವಿನಲ್ಲಿ ಹೊತ್ತಿಗೆಯನ್ನು ಎಲ್ಲರಿಗೂ ಓದಿ ಹೇಳಿದೆ. ನನ್ನನ್ನು ಇಲ್ಲಿ 'ಕರಪತ್ರ' ಎಂದು ಕರೆಯುತ್ತಾರೆ. ಗೇಲಿ ಮಾಡಲು ಇಟ್ಟ ಹೆಸರು. ನಾನು ಗೌರವವೆಂದು ಸ್ವೀಕರಿಸಿದ್ದೇನೆ.

ನಮ್ಮ ಕೆಲಸ ಛಾವಣಿ ಎಳೆಯುವುದು. ವಿಮಾನದಿಂದ ತೆಗೆದ ಊರುಗಳ ಚಿತ್ರ ಪರದೆಯ ಮೇಲೆ ಬರುತ್ತದೆ. ಒಂದೊಂದು ಮನೆಯ ಛಾವಣಿಯ ಅಂಚಿಗೂ ಗೆರೆ ಎಳೆಯಬೇಕು. ಅದು ನಕ್ಷೆಯಾಗುತ್ತದೆ. ಮನೆಗಳನ್ನು ಮೇಲಿನಿಂದ ನೋಡಿ ನೋಡಿ, ಈಗ ರಸ್ತೆಯಲ್ಲಿ ನಿಂತು ಮನೆಯನ್ನು ನೋಡಿದರೆ ಅದು ಮಗ್ಗುಲಾಗಿ ಮಲಗಿದಂತೆ ಕಾಣುತ್ತದೆ.

ನನ್ನ ಪಕ್ಕದ ಕುರ್ಚಿ ಅತ್ತಿಗೆಯದು. ಎಲ್ಲರೂ ಅವರನ್ನು ಅತ್ತಿಗೆ ಎನ್ನುತ್ತಾರೆ, ಯಾರ ಅಣ್ಣನ ಹೆಂಡತಿ ಎಂದು ಯಾರಿಗೂ ಗೊತ್ತಿಲ್ಲ. ಈ ಕಚೇರಿ ಶುರುವಾದಾಗಿನಿಂದ ಇದ್ದಾರೆ. ನಾನು ಓದಿ ಮುಗಿಸಿದಾಗ ಅವರು, "ಅಲ್ಲ ಕಣೇ ಕರಪತ್ರ, ಇಪ್ಪತ್ತು ನಿಮಿಷಕ್ಕೊಂದು ಸಲ ತಲೆ ಎತ್ತಿದ್ರೆ ಮೀನು ಸುಮ್ನಿರುತ್ತಾ?" ಎಂದರು.

ಮೀನು ಎಂದರೆ ಮೇಲ್ವಿಚಾರಕರು. ಅವರದು ಗಾಜಿನ ಕೋಣೆ. ಒಳಗೆ ಓಡಾಡುತ್ತಾರೆ, ಬಾಯಿ ಆಡುತ್ತದೆ, ನಮಗೇನೂ ಕೇಳಿಸುವುದಿಲ್ಲ. ಹೆಸರಿಟ್ಟವನು ಉದ್ದಣ್ಣ. ಕಿಟಕಿಯ ಸಾಲಿನ ಕೊನೆಯಲ್ಲಿ ಕೂರುತ್ತಾನೆ, ಬಾಗಿಲಿಗೆ ತಲೆ ಬಗ್ಗಿಸಿ ಬರಬೇಕಾದಷ್ಟು ಎತ್ತರ.

"ಮೀನು ಸುಮ್ಮನಿರದಿದ್ದರೆ ನಾವೂ ಸುಮ್ಮನಿರುವುದಿಲ್ಲ" ಎಂದೆ.

"ನೀನು ಯಾವತ್ತು ಸುಮ್ನಿದ್ದೆ ತಾಯಿ" ಎಂದ ಉದ್ದಣ್ಣ.

ಐದನೆಯ ಪುಟದಲ್ಲಿ, ಕಿಟಕಿಯ ಬೆಳಕು ನೇರವಾಗಿ ಪರದೆಯ ಮೇಲೆ ಬಿದ್ದರೆ ಕಣ್ಣಿಗೆ ಕೆಟ್ಟದ್ದು ಎಂದು ಬರೆದಿದೆ. ಆ ಪುಟವನ್ನು ಸದ್ಯಕ್ಕೆ ಓದಿ ಹೇಳಲಿಲ್ಲ.

ಜೂನ್ 6, ಗುರುವಾರ

ಬೇಡಿಕೆಗಳನ್ನು ಬರೆದು ಮೀನಿಗೆ ಕೊಟ್ಟೆ. ಒಂದು, ಕಿಟಕಿಯ ಕಾಗದ ತೆಗೆಯಬೇಕು. ಎರಡು, ಇಪ್ಪತ್ತು ನಿಮಿಷಕ್ಕೊಮ್ಮೆ ನೋಟದ ಬಿಡುವು. ಮೂರು, ಪರದೆಗಳನ್ನು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ, ತೋಳಳತೆ ದೂರದಲ್ಲಿ ಇಡಬೇಕು. ನಾಲ್ಕು, ಎಲ್ಲರಿಗೂ ಕಡ್ಡಾಯ ಕಣ್ಣಿನ ಪರೀಕ್ಷೆ. ಐದು, ತಲೆಯ ಮೇಲಿನ ಮಿನುಗುವ ಟ್ಯೂಬ್‌ಲೈಟ್ ಬದಲಾಯಿಸಬೇಕು.

ನಾಲ್ಕನೆಯದನ್ನು ನಾನೇ ಯೋಚಿಸಿ ಸೇರಿಸಿದ್ದು. ಹೊತ್ತಿಗೆಯಲ್ಲಿ ಇಲ್ಲ. ಅದನ್ನು ಎಲ್ಲಕ್ಕಿಂತ ಚೆನ್ನಾಗಿ ಬರೆದಿದ್ದೇನೆ ಎನ್ನಿಸಿತು.

ಮೀನು ಓದಿ, "ಪರದೆ ಕೆಳಗಿಳಿಸ್ಕೊಳ್ಳಿ, ಅದಕ್ಕೆ ನನ್ನ ಅಪ್ಪಣೆ ಯಾಕೆ?" ಎಂದರು. ಉಳಿದದ್ದು ಮೇಲಿನವರಿಗೆ ಕಳಿಸುತ್ತಾರಂತೆ. ಹಿಂತಿರುಗಿ ಬಂದು ಎಲ್ಲರ ಪರದೆ ಇಳಿಸಿದೆವು. ಮೊದಲ ಗೆಲುವು.

ಅತ್ತಿಗೆ ಮಾತ್ರ ಪರದೆಯನ್ನು ನೇರಕ್ಕೆ ಇಟ್ಟುಕೊಳ್ಳಲಿಲ್ಲ. ಎಡಗಡೆಗೆ ಸರಿಸಿಕೊಂಡು, ಕುರ್ಚಿಯನ್ನು ಓರೆ ಮಾಡಿ ಕೂತರು. ಹಳೆಯ ಅಭ್ಯಾಸಗಳು ದುಡಿಯುವವರನ್ನು ಎಷ್ಟು ಬಿಗಿಯಾಗಿ ಹಿಡಿದಿರುತ್ತವೆ.

ಜೂನ್ 7, ಶುಕ್ರವಾರ

ಅತ್ತಿಗೆಯ ಚಹಾ ಲೋಟ ಮೇಜಿನ ಬಲ ಅಂಚಿನಿಂದ ಕೆಳಗೆ ಬಿತ್ತು. ಈ ವಾರದಲ್ಲಿ ಎರಡನೆಯ ಸಲ. ಮೇಜುಗಳು ಕಿರಿದು. ಆರನೆಯ ಬೇಡಿಕೆಯಾಗಿ ಸೇರಿಸಬೇಕು.

ಜೂನ್ 10, ಸೋಮವಾರ

ಮೇಲಿನವರಿಂದ ಉತ್ತರವಿಲ್ಲ. ಆದ್ದರಿಂದ ಎರಡನೆಯ ಬೇಡಿಕೆಯನ್ನು ನಾವೇ ಜಾರಿಗೆ ತಂದೆವು.

ತೊಂದರೆ ಏನೆಂದರೆ ಕೋಣೆಯಲ್ಲಿ ಇಪ್ಪತ್ತು ಅಡಿ ಎಲ್ಲಿಯೂ ಇಲ್ಲ. ಉದ್ದಣ್ಣ ಟೇಪು ತಂದು ಅಳೆದ. ನೀರಿನ ಡ್ರಮ್ ಇರುವ ಮೂಲೆಯಿಂದ ಎದುರು ಮೂಲೆಗೆ ಮಾತ್ರ ಸರಿಯಾಗಿ ಇಪ್ಪತ್ತು ಬರುತ್ತದೆ. ಎದುರು ಮೂಲೆಯಲ್ಲಿರುವುದು ಮೀನಿನ ಗಾಜಿನ ಕೋಣೆ.

ಹೀಗಾಗಿ ನನ್ನ ಫೋನಿನ ಗಂಟೆ ಹೊಡೆದಾಗಲೆಲ್ಲ ಹನ್ನೆರಡೂ ಜನ ಎದ್ದು, ಡ್ರಮ್ಮಿನ ಪಕ್ಕ ಒತ್ತಿಕೊಂಡು ನಿಂತು, ಮೀನನ್ನು ಇಪ್ಪತ್ತು ಸೆಕೆಂಡು ನೋಡಿದೆವು. ಪರದೆ ನೋಡುವವರು ರೆಪ್ಪೆ ಬಡಿಯುವುದನ್ನೇ ಮರೆಯುತ್ತಾರೆ, ಅದರಿಂದ ಕಣ್ಣು ಒಣಗುತ್ತದೆ ಎಂದು ಎಂಟನೆಯ ಪುಟದಲ್ಲಿದೆ. ಅದಕ್ಕೆ ನೋಡುವಾಗ ಎಲ್ಲರೂ ನಿಧಾನವಾಗಿ, ಒಟ್ಟಿಗೆ ರೆಪ್ಪೆ ಬಡಿಯಬೇಕೆಂದು ಹೇಳಿಕೊಟ್ಟಿದ್ದೆ.

ಮೂರನೆಯ ಸಲಕ್ಕೆ ಮೀನು ಹೊರಗೆ ಬಂದರು.

"ಏನಾಗಬೇಕು ನಿಮಗೆ?"

"ಏನೂ ಇಲ್ಲ ಸಾರ್. ದೂರ ನೋಡ್ತಿದ್ದೀವಿ."

"ನನ್ನನ್ನು ನೋಡ್ತಿದ್ದೀರಿ."

"ನೀವು ದೂರದಲ್ಲಿದ್ದೀರಿ ಸಾರ್" ಎಂದ ಉದ್ದಣ್ಣ.

ಮಧ್ಯಾಹ್ನದ ಮೇಲೆ ಮೀನು ತಲೆ ಬಾಚಿಕೊಂಡು ಕೂತಿದ್ದರು.

ಜೂನ್ 11, ಮಂಗಳವಾರ

ಮೀನು ಗಾಜಿಗೆ ಬಟ್ಟೆಯ ಪರದೆ ಕಟ್ಟಿಸಿದರು. ಪರದೆ ಗಾಜಿನ ಈಚೆಗಿದೆ, ಹತ್ತೊಂಬತ್ತೂವರೆ ಅಡಿ. ಅರ್ಧ ಅಡಿಗೆ ಜಗಳ ಬೇಡ ಎಂದು ಅತ್ತಿಗೆ ಹೇಳಿದರು. ನಾನು ತತ್ವವಾಗಿ ಒಪ್ಪಲಿಲ್ಲ, ಆದರೆ ಪರದೆಯ ಮೇಲೆ ಹೂವಿನ ಚಿತ್ರವಿದೆಯಂತೆ, ಎಲ್ಲರಿಗೂ ಹಿಡಿಸಿದೆ. ನನಗೆ ಅದು ಬರೀ ಹಳದಿ ಬಟ್ಟೆಯಂತೆ ಕಂಡಿತು. ನಾನು ಅಲಂಕಾರಗಳಿಗೆ ಬೆಲೆ ಕೊಡುವವಳಲ್ಲ.

ಬಸ್ಸಿನ ನಂಬರುಗಳನ್ನು ಇತ್ತೀಚೆಗೆ ತೀರ ತೆಳುವಾಗಿ ಬರೆಸುತ್ತಿದ್ದಾರೆ. ಎರಡನೆಯ ಸಲ ತಪ್ಪು ಬಸ್ಸು ಹತ್ತಿದೆ. ಬೀದಿ ದೀಪಗಳೂ ಕಳಪೆ, ಪ್ರತಿಯೊಂದರ ಸುತ್ತಲೂ ಬೆಳಕು ಬಳೆಬಳೆಯಾಗಿ ಹರಡುತ್ತದೆ. ಸಾಮಾನ್ಯ ಜನರ ಬಗ್ಗೆ ಯಾರಿಗೂ ಕಾಳಜಿಯಿಲ್ಲ. ಅಪ್ಪನಿಗೆ ಹೇಳಿದೆ. ಅಪ್ಪ ಬಸ್ ಡ್ರೈವರ್ ಆಗಿದ್ದವರು, ಆಡಳಿತದ ದಬ್ಬಾಳಿಕೆ ಪ್ರತಿಭಟಿಸಿ ಕೆಲಸ ಬಿಟ್ಟವರು. ಅವರಿಗೆ ಅರ್ಥವಾಗುತ್ತದೆ ಅಂದುಕೊಂಡಿದ್ದೆ.

"ನಂಬರು ಹಾಗೇ ಇದೆಯಲ್ಲಮ್ಮ" ಎಂದರು ಅಷ್ಟೆ.

ಜೂನ್ 14, ಶುಕ್ರವಾರ

ಗೆಲುವು. ಮೇಲಿನವರಿಂದ ಉತ್ತರ ಬಂತು. ನಾಲ್ಕನೆಯ ಬೇಡಿಕೆಯನ್ನು ಪೂರ್ತಿಯಾಗಿ ಒಪ್ಪಿದ್ದಾರೆ. ಮುಂದಿನ ಶುಕ್ರವಾರ ಎಲ್ಲರಿಗೂ ಕಡ್ಡಾಯ ಕಣ್ಣಿನ ಪರೀಕ್ಷೆ. ಉಳಿದ ಬೇಡಿಕೆಗಳ ತೀರ್ಮಾನ ಪರೀಕ್ಷೆಯ ವರದಿ ನೋಡಿದ ಮೇಲೆ.

ಮೇಲಿನವರು ಮೊದಲು ಒಪ್ಪಿದ್ದು ನಾನೇ ಯೋಚಿಸಿ ಸೇರಿಸಿದ ಬೇಡಿಕೆಯನ್ನೇ. ಇದನ್ನು ಹೆಮ್ಮೆಯಿಂದಲ್ಲ, ದಾಖಲೆಗಾಗಿ ಬರೆಯುತ್ತಿದ್ದೇನೆ.

ಸೂಚನಾ ಫಲಕದ ಕಾಗದದಲ್ಲಿ ಕೆಳಗಡೆ ಸಣ್ಣ ಅಕ್ಷರದ ಎರಡು ಸಾಲಿದ್ದವು. ನಿಂತ ಜಾಗದಿಂದ ಓದಲಾಗಲಿಲ್ಲ, ಗುಂಪು ಜಾಸ್ತಿಯಿತ್ತು. ಯಾಕೋ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಜೂನ್ 17, ಸೋಮವಾರ

ಆ ಎರಡು ಸಾಲು ಇವತ್ತು ಓದಿದೆ. "ಪರೀಕ್ಷೆಯಲ್ಲಿ ಯಾವುದೇ ಕಣ್ಣಿನ ದೃಷ್ಟಿ ಸಮರ್ಪಕವಾಗಿಲ್ಲ ಎಂದು ಕಂಡುಬಂದವರನ್ನು ಅವರ ಆರೋಗ್ಯದ ಹಿತದಿಂದ ಕೆಲಸದಿಂದ ಬಿಡುಗಡೆ ಮಾಡಲಾಗುವುದು."

ಅತ್ತಿಗೆ ನನ್ನನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದರು. ಬೈಯುತ್ತಾರೆ ಅಂದುಕೊಂಡೆ. ತಮ್ಮ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, "ಈಗ ನೀನು ಎಲ್ಲಿದ್ದೀಯ ಅಂತ ಗೊತ್ತು, ಮಾತಾಡ್ತಿದ್ದೀಯಲ್ಲ ಅದಕ್ಕೆ" ಎಂದರು.

ನಾನು ಮಾತಾಡುವುದನ್ನು ನಿಲ್ಲಿಸಿದೆ.

"ಈಗ ಗೊತ್ತಾಗಲ್ಲ" ಎಂದರು.

ಬಲಗಣ್ಣು ಒಂದು ವರ್ಷದಿಂದ ಮಂಜಾಗುತ್ತಾ ಬಂದಿದೆಯಂತೆ. ಈಗ ಹಬೆ ಹಿಡಿದ ಗಾಜಿನ ಹಾಗೆ. ಒಂದು ಕಣ್ಣಿನಲ್ಲೇ ಛಾವಣಿ ಎಳೆಯುತ್ತಿದ್ದಾರೆ. ಅದಕ್ಕೇ ಪರದೆ ಎಡಗಡೆಗೆ, ಕುರ್ಚಿ ಓರೆ. ಲೋಟ ಬಿದ್ದದ್ದೂ ಅದಕ್ಕೇ.

"ವೈದ್ಯರಿಗೆ ತೋರಿಸಿದಿರಾ?"

"ತೋರಿಸಿದ್ರೆ ಹೋಗಿದೆ ಅಂತಾರೆ. ತೋರಿಸದಿದ್ರೆ ಇನ್ನೂ ಹೋಗಿಲ್ಲ ಅಂತಲೇ ಲೆಕ್ಕ." ಆಮೇಲೆ, "ಈ ವಯಸ್ಸಲ್ಲಿ ನನಗೆ ಬೇರೆ ಕೆಲಸ ಯಾರು ಕೊಡ್ತಾರೆ ಹೇಳು. ಮನೆಯಲ್ಲಿ ದುಡಿಯೋಳು ನಾನೊಬ್ಬಳೇ" ಎಂದರು.

ಹೊತ್ತಿಗೆಯನ್ನು ಮತ್ತೆ ಓದಿದೆ. ಅದರಲ್ಲಿ ಕಣ್ಣುಗಳ ಬಗ್ಗೆ ಇದೆ. ಒಂದು ಕಣ್ಣಿನ ಬಗ್ಗೆ ಇಲ್ಲ.

ಮೇಜುಗಳ ಬೇಡಿಕೆಯನ್ನು ಹೊಡೆದುಹಾಕಿದೆ.

ಜೂನ್ 19, ಬುಧವಾರ

ಪರೀಕ್ಷೆ ಮಾಡುವವರು ಇವತ್ತೇ ಬಂದು ಊಟದ ಕೋಣೆಯ ಗೋಡೆಗೆ ಪಟ ನೇತುಹಾಕಿ ಹೋದರು. ಶುಕ್ರವಾರ ಹೊತ್ತುಕೊಂಡು ಬರುವುದು ಬೇಡ ಅಂತ. ಅಕ್ಷರಗಳ ಪಟವಲ್ಲ. ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳು, ಹಲ್ಲು ಯಾವ ಕಡೆಗಿದೆ ಎಂದು ಹೇಳಬೇಕು. ಮೇಲೆ, ಕೆಳಗೆ, ಎಡ, ಬಲ. ಸಾಲು ಇಳಿದಂತೆ ಬಾಚಣಿಗೆ ಚಿಕ್ಕದಾಗುತ್ತದೆ.

ಉದ್ದಣ್ಣ ಪಟವನ್ನೂ ಅತ್ತಿಗೆಯನ್ನೂ ನೋಡಿದ. ಅವನಿಗೆ ಮೊದಲೇ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಅತ್ತಿಗೆಯ ಪಕ್ಕದಲ್ಲೇ ಕೂರುವ ನನಗೆ ಮಾತ್ರ ಗೊತ್ತಿರಲಿಲ್ಲ.

"ಬಾಯಿಪಾಠ ಮಾಡಿಸಿಬಿಡೋಣ" ಎಂದ.

ಇದು ಮೋಸ. ಆದರೆ ಆಡಳಿತ ನಮ್ಮ ಬೇಡಿಕೆಯನ್ನೇ ಕಸಿದು ನಮ್ಮ ಮೇಲೆ ಆಯುಧವಾಗಿ ತಿರುಗಿಸಿದೆ. ಆದ್ದರಿಂದ ಇದು ಪ್ರತಿತಂತ್ರ.

ಮನೆಯಲ್ಲಿ ಅಪ್ಪನ ಹತ್ತಿರ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಬರೀ ಬಾಯಿಪಾಠ ಮಾಡಿದ್ರೆ ಅವರು ಬೆರಳಿಟ್ಟ ಕಡೆ ತಪ್ಪಿ ಹೋಗುತ್ತೆ. ರಾಗ ಹಾಕಿ. ಸಾಲಿಗೊಂದು ರಾಗ" ಎಂದರು.

ನಿಮಗೆ ಹೇಗೆ ಗೊತ್ತು ಎಂದು ಕೇಳಲಿಲ್ಲ. ಅಪ್ಪನಿಗೆ ಲೋಕಾನುಭವ ಹೆಚ್ಚು.

ಜೂನ್ 20, ಗುರುವಾರ

ದಿನವಿಡೀ ಹಾಡಿದೆವು. ಅತ್ತಿಗೆ ಒಬ್ಬರೇ ಕಲಿತರೆ ಅವರಿಗೆ ಅವಮಾನ, ಹಾಗಾಗಿ ಹನ್ನೆರಡೂ ಜನ ಕಲಿಯಬೇಕು ಎಂದು ನಾನು ಸೂಚಿಸಿದೆ. ಒಗ್ಗಟ್ಟೆಂದರೆ ಅದೇ. ಏಳನೆಯ ಸಾಲು ಎಲ್ಲರಿಗೂ ಇಷ್ಟವಾಯಿತು: ಬಲ, ಮೇಲೆ, ಎಡ, ಎಡ, ಕೆಳಗೆ, ಬಲ, ಮೇಲೆ. ಛಾವಣಿ ಎಳೆಯುತ್ತಲೇ ಗುನುಗುತ್ತಿದ್ದೆವು. ಕೈಗೆ ಕೂಡ ವೇಗ ಬಂತು.

ಅತ್ತಿಗೆ ಒಂದು ಸಲವೂ ತಪ್ಪಲಿಲ್ಲ. "ಕಣ್ಣಿಗಿಂತ ಕಿವಿ ವಾಸಿ ಕಣೇ" ಎಂದು ನಕ್ಕರು.

ನಾನು ಪಟದ ತೀರ ಹತ್ತಿರ ನಿಂತು ಕಲಿಯಬೇಕಾಯಿತು. ಊಟದ ಕೋಣೆಯ ಬಲ್ಬು ಮಂದ.

ಜೂನ್ 21, ಶುಕ್ರವಾರ

ಹನ್ನೆರಡು ಜನವೂ ತೇರ್ಗಡೆ. ಕಡೆಯ ಸಾಲಿನವರೆಗೂ, ಎರಡೂ ಕಣ್ಣು. ನಿಯಮದ ಪ್ರಕಾರ ಮೀನೂ ಪರೀಕ್ಷೆಗೆ ಕೂರಬೇಕಾಯಿತು. ಅವರೂ ತೇರ್ಗಡೆ.

ಅತ್ತಿಗೆಯ ಸರದಿ ಬಂದಾಗ ಎಡಗಣ್ಣು ಮುಚ್ಚಿಸಿದರು. ಅತ್ತಿಗೆ ಪಟದ ಕಡೆಗೆ ಮುಖ ಮಾಡುವ ಬದಲು ಪಕ್ಕದ ನೀರಿನ ಫಿಲ್ಟರಿನ ಕಡೆ ತಿರುಗಿ ಕೂತಿದ್ದರು. ಉದ್ದಣ್ಣ ಕೆಮ್ಮಿದ. ಅತ್ತಿಗೆ ಕೆಮ್ಮು ಬಂದ ಕಡೆಗೆ ಸ್ವಲ್ಪ ತಿರುಗಿ, ಏಳನೆಯ ಸಾಲನ್ನು ಬಹಳ ಚೆನ್ನಾಗಿ ಹೇಳಿದರು.

ಪರೀಕ್ಷೆಯವರು ಹೊರಡುವಾಗ, "ಇಷ್ಟು ವರ್ಷದಲ್ಲಿ ಇಂಥ ಕಚೇರಿ ನೋಡಿಲ್ಲ" ಎಂದರು.

ಎಲ್ಲರೂ ಕೈ ಕುಲುಕಿಕೊಂಡೆವು.

ಜೂನ್ 24, ಸೋಮವಾರ

ಮೇಲಿನವರ ಆದೇಶ ಬಂತು. ಫಲಕದ ಹತ್ತಿರ ಮೂಗು ತಾಗಿಸಿ ಪೂರ್ತಿ ಓದಿದೆ. ಸಾರಾಂಶ ಹೀಗೆ.

ಈ ಶಾಖೆಯಲ್ಲಿ ಕಣ್ಣಿನ ಆಯಾಸ ಎಂಬುದೇ ಇಲ್ಲವೆಂದು ಪರೀಕ್ಷೆಯಿಂದ ಖಚಿತವಾಗಿದೆ. ಇದರಲ್ಲಿ ಕಪ್ಪು ಕಾಗದದ ಪಾತ್ರ ಮೆಚ್ಚತಕ್ಕದ್ದು. ಬೇರೆ ಶಾಖೆಗಳಲ್ಲೂ ಕಿಟಕಿಗಳಿಗೆ ಕಾಗದ ಅಂಟಿಸಲಾಗುವುದು. ನೋಟದ ಬಿಡುವು ಅನಗತ್ಯವಾದ್ದರಿಂದ ನಿಲ್ಲಿಸತಕ್ಕದ್ದು. ಇಷ್ಟು ಒಳ್ಳೆಯ ಕಣ್ಣುಗಳಿರುವುದರಿಂದ ದಿನದ ಛಾವಣಿಗಳ ಗುರಿಯನ್ನು ಕಾಲುಭಾಗ ಹೆಚ್ಚಿಸಲಾಗಿದೆ.

ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಉದ್ದಣ್ಣ ಮಾತ್ರ, "ಬೇರೆ ಶಾಖೆಯವರು ನಮ್ಮ ವಿಳಾಸ ಕೇಳಿದ್ರೆ ಕೊಡಬೇಡಿ" ಎಂದ.

ಸಂಜೆ ಇಳಿಯುವಾಗ ಅತ್ತಿಗೆ ಕೊನೆಯ ಮೆಟ್ಟಿಲು ತಪ್ಪಿ ಬಿದ್ದರು. ಮೊಣಕೈ ತರಚಿತು. "ಏನೂ ಆಗಿಲ್ಲ, ಎಲ್ಲೋ ನೋಡ್ತಾ ನಡೆದೆ" ಎಂದರು.

ಅವರ ಚೀಲ ಹಿಡಿದುಕೊಂಡು ಬಸ್ ನಿಲ್ದಾಣದ ತನಕ ಹೋದೆ. ಮೊದಲು ಎಡಗಡೆ ನಡೆಯುತ್ತಿದ್ದೆ. ಆಮೇಲೆ ಬಲಗಡೆಗೆ ಬಂದೆ.

ಜೂನ್ 25, ಮಂಗಳವಾರ

ರಾತ್ರಿ ಊಟಕ್ಕೆ ಕೂತಾಗ ಅಪ್ಪನನ್ನು ಕೇಳಿಯೇಬಿಟ್ಟೆ. "ಆ ರಾಗದ ಉಪಾಯ ನಿಮಗೆ ಯಾರು ಹೇಳಿಕೊಟ್ಟರು?"

ಅಮ್ಮ ಬಡಿಸುವುದನ್ನು ನಿಲ್ಲಿಸಿ ಅಪ್ಪನ ಮುಖ ನೋಡಿದರು.

"ಡಿಪೋದಲ್ಲಿ ವರ್ಷಕ್ಕೊಂದು ಸಲ ಪಟ ಹಾಕ್ತಿದ್ರು. ಒಂದೇ ಪಟ. ನನಗೆ ಪೂರ್ತಿ ಬರ್ತಿತ್ತು" ಎಂದರು ಅಪ್ಪ.

"ಕಾಣಿಸ್ತಿತ್ತಾ?"

"ಬರ್ತಿತ್ತು ಅಂದ್ನಲ್ಲ."

ಎಷ್ಟು ವರ್ಷ ಎಂದು ಕೇಳಿದೆ. ಅಮ್ಮ ಕೈಬೆರಳು ಎಣಿಸತೊಡಗಿದರು, ಒಂದು ಕೈ ಮುಗಿದ ಮೇಲೆ ಅಪ್ಪ, "ಸಾಕು" ಎಂದರು.

"ಒಂದು ಸಂಜೆ ಸಿಗ್ನಲ್ ಹತ್ರ ಬಂದಾಗ, ಕೆಂಪಾ ಹಸಿರಾ ಅಂತ ಕಂಡಕ್ಟರನ್ನ ಕೇಳಿದೆ. ಅವನು ತಮಾಷೆ ಅಂದ್ಕೊಂಡು ನಕ್ಕ. ಹಿಂದೆ ಕೂತಿದ್ದವರೂ ನಕ್ಕರು. ಬಸ್ಸು ತುಂಬಿತ್ತು. ಡಿಪೋಕ್ಕೆ ತಂದು ನಿಲ್ಲಿಸಿದೆ, ಮತ್ತೆ ಹತ್ತಲಿಲ್ಲ."

ಅಪ್ಪ ಪ್ರತಿಭಟಿಸಿ ಕೆಲಸ ಬಿಟ್ಟರು ಎಂದು ನಾನು ಎಷ್ಟು ಜನರಿಗೆ ಹೇಳಿದ್ದೇನೋ. ಯಾವತ್ತೂ ಅಪ್ಪ ಹೌದು ಅಂದಿರಲಿಲ್ಲ. ಇಲ್ಲ ಎಂದೂ ಅಂದಿರಲಿಲ್ಲ.

"ಮೊದಲೇ ತೋರಿಸಿದ್ರೆ ಪೂರ್ತಿ ಸರಿಹೋಗ್ತಿತ್ತು ಅಂತ ಆಮೇಲೆ ಡಾಕ್ಟ್ರು ಅಂದ್ರು" ಎಂದು ಅಮ್ಮ ಅಡುಗೆಮನೆಗೆ ಹೋಗುತ್ತಾ ಹೇಳಿದರು. "ಇವಳೂ ಹಾಗೇ. ದಿನಚರಿ ಬರೆಯೋವಾಗ ನೋಡಿ, ಪೆನ್ನಿನಲ್ಲಿ ಬರೀತಾಳೋ ಮೂಗಿನಲ್ಲಿ ಬರೀತಾಳೋ ಗೊತ್ತಾಗಲ್ಲ."

ಈಗ ಬೆನ್ನು ನೆಟ್ಟಗೆ ಮಾಡಿ ಬರೆಯುತ್ತಿದ್ದೇನೆ. ಸಾಲು ಓರೆಯಾಗುತ್ತಿದೆ.

ಜೂನ್ 26, ಬುಧವಾರ

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಒಂದು ಕಿಟಕಿಯ ಕಾಗದದ ಮೂಲೆಯನ್ನು ಉಗುರಿನಿಂದ ಎಬ್ಬಿಸಿದೆ. ಅಂಟು ಹಳೆಯದಾಗಿತ್ತು, ಕಾಗದ ಸದ್ದಿಲ್ಲದೆ ಅರ್ಧದವರೆಗೂ ಬಂತು. ಇದು ಹೋರಾಟದ ಯಾವ ಹಂತವೂ ಅಲ್ಲ. ನೋಡಬೇಕೆನಿಸಿತು.

ಅಷ್ಟರಲ್ಲಿ ಅತ್ತಿಗೆ ಬಂದರು. ಬೈಯಲಿಲ್ಲ. ಪಕ್ಕದಲ್ಲಿ ನಿಂತರು.

"ಎಷ್ಟು ದಿನ ಆಯ್ತು ಇದನ್ನು ನೋಡಿ" ಎಂದರು. "ಆ ಮಹಡಿ ಮೇಲೆ ಬಟ್ಟೆ ಒಣಗಿಹಾಕೋದು ಇನ್ನೂ ಬಿಟ್ಟಿಲ್ಲ ನೋಡು. ನೀಲಿ ಅಂಗಿ, ಅದರ ಒಂದು ತೋಳು ಹಗ್ಗಕ್ಕೆ ಸುತ್ತಿಕೊಂಡಿದೆ. ಪಾಪ, ಯಾರೋ ಕೈ ಎತ್ತಿ ಕರೆದ ಹಾಗಿದೆ."

ನಾನು ನೋಡಿದೆ. ಬೆಳಕಿತ್ತು. ಬೂದು ಬಣ್ಣದ್ದೊಂದು ಇತ್ತು, ಅದು ಮಹಡಿ ಇರಬೇಕು. ಅದರ ಮೇಲೆ ನೀಲಿ ಇದೆ ಎಂದು ಹೇಳಿದ ಮೇಲೆ ನೀಲಿ ಇದ್ದ ಹಾಗಿತ್ತು.

"ಕಾಣಿಸ್ತಾ?"

"ಹ್ಞೂಂ."

"ಯಾವ ತೋಳು?"

"ಬಲ" ಎಂದೆ. ಏಳನೆಯ ಸಾಲು ಬಲದಿಂದಲೇ ಶುರುವಾಗುತ್ತದೆ.

ಅತ್ತಿಗೆ ನನ್ನ ಮುಖ ನೋಡಿ, "ಎಡ ಕಣೇ" ಎಂದರು.

ಒಂದೇ ಕಣ್ಣಿನಲ್ಲಿ ಅವರಿಗೆ ಕಂಡದ್ದು ಎರಡು ಕಣ್ಣಿನಲ್ಲಿ ನನಗೆ ಕಾಣಲಿಲ್ಲ. ಬಸ್ಸಿನ ನಂಬರು ತೆಳುವಾಗಿಲ್ಲ. ಬೀದಿ ದೀಪಗಳೂ ಕಳಪೆಯಲ್ಲ. ಊಟದ ಕೋಣೆಯ ಬಲ್ಬು ಸರಿಯಾಗಿಯೇ ಇದೆ.

"ನೀವು ಆಸ್ಪತ್ರೆಗೆ ಬನ್ನಿ" ಎಂದೆ.

"ಮತ್ತೆ ಶುರು ಮಾಡಬೇಡ."

"ನಿಮಗಲ್ಲ, ನನಗೆ. ಅಲ್ಲಿ ಕಣ್ಣಿಗೆ ಏನೋ ಹನಿ ಹಾಕ್ತಾರಂತೆ, ಆಮೇಲೆ ಸ್ವಲ್ಪ ಹೊತ್ತು ಸರಿಯಾಗಿ ಕಾಣಲ್ವಂತೆ. ವಾಪಸು ಕರ್ಕೊಂಡು ಬರೋಕೆ ಒಬ್ಬರು ಬೇಕು."

"ನಾನೇ ಸಿಕ್ಕಿದ್ದಾ ನಿನಗೆ, ಕೈ ಹಿಡಿದು ನಡೆಸೋಕೆ?"

"ಇಬ್ಬರದೂ ಸೇರಿಸಿದರೆ ಒಬ್ಬರಿಗಾಗುವಷ್ಟು ಇದೆ ಅತ್ತಿಗೆ."

ಅವರು ನಕ್ಕರು. ಬರುತ್ತೇನೆ ಎನ್ನಲಿಲ್ಲ. ಮೊಣಕೈ ಮೇಲಿನ ಪಟ್ಟಿಯನ್ನು ಸರಿಮಾಡಿಕೊಂಡು, "ಅವರು ಹೋಗಿದೆ ಅಂದ್ರೆ?" ಎಂದರು. ನಾನು ಕಾಗದವನ್ನು ಮತ್ತೆ ಗಾಜಿಗೆ ಒತ್ತಿದೆ.

ಜೂನ್ 27, ಗುರುವಾರ

ಮೀನಿನ ಕೋಣೆಗೆ ಹೋದೆ. ಅವರು ಬೆನ್ನು ತಿರುಗಿಸಿ ಕಡತ ಜೋಡಿಸುತ್ತಿದ್ದರು, ಏನೋ ಗುನುಗುತ್ತಿದ್ದರು. ಬಲ, ಮೇಲೆ, ಎಡ, ಎಡ, ಕೆಳಗೆ.

ನಾನು ಬಾಗಿಲಲ್ಲಿರುವುದು ಕಂಡು ನಿಲ್ಲಿಸಿದರು.

"ಸಾರ್, ನನ್ನ ಪರೀಕ್ಷೆಯ ಫಲಿತಾಂಶ ಸುಳ್ಳು. ನನಗೆ ಮೂರನೆಯ ಸಾಲಿನಿಂದ ಕೆಳಗೆ ಏನೂ ಕಾಣಲ್ಲ."

ಕೂರಲು ಹೇಳಿದರು. ನೀರು ಕುಡಿದರು. ಆಮೇಲೆ ಕೇಳಿದ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ.

"ಹಾಗಾದ್ರೆ ಆ ಡ್ರಮ್ಮಿನ ಹತ್ರ ನಿಂತು ನನ್ನನ್ನು ದಿಟ್ಟಿಸಿ ನೋಡ್ತಿದ್ರಲ್ಲ?"

"ನೀವು ನನಗೆ ಬರೀ ಬಿಳಿ ಚುಕ್ಕೆ ಸಾರ್."

"ನಾನು ಒಂದು ವಾರ ನಿದ್ದೆ ಮಾಡಿಲ್ಲ" ಎಂದರು. ಬೇಜಾರಾದಂತೆ ಕಂಡರು. ಪಾಪ ಎನ್ನಿಸಿತು. ಮೇಲ್ವಿಚಾರಕರ ಬಗ್ಗೆ ಹಾಗೆ ಅನ್ನಿಸಬಾರದು, ಆದರೂ ಎದುರು ಕೂತು ನೋಡಿದರೆ ಅವರ ಕಣ್ಣುಗಳೂ ಕೆಂಪಾಗಿದ್ದವು. ಮೇಜಿನ ಮೇಲಿನ ಪರದೆಯಲ್ಲಿ ಅಕ್ಷರಗಳನ್ನು ಎಷ್ಟು ದೊಡ್ಡದು ಮಾಡಿಟ್ಟಿದ್ದರೆಂದರೆ ನನಗೂ ಓದಲು ಬಂತು.

"ಸಾರ್, ಆ ಹಾಡು."

"ಯಾವ ಹಾಡು?"

"ಏಳನೆಯ ಸಾಲು."

ಬಹಳ ಹೊತ್ತು ಕಡತದ ದಾರ ಕಟ್ಟಿದರು, ಬಿಚ್ಚಿದರು. "ದಿನವಿಡೀ ಹಾಡ್ತಿದ್ರೆ ಯಾರಿಗೆ ಬರಲ್ಲ" ಎಂದರು ಕೊನೆಗೆ. "ಅದು ಬಂದಿದ್ದಕ್ಕೇ ನಾನು ಇನ್ನೂ ಈ ಕುರ್ಚಿಯಲ್ಲಿರೋದು."

ಆಸ್ಪತ್ರೆಯಿಂದ ವೈದ್ಯರ ಚೀಟಿ ತಂದರೆ ಏನಾಗುತ್ತದೆ ಎಂದು ಕೇಳಿದೆ.

"ಒಬ್ಬರು ತಂದ್ರೆ ಒಬ್ಬರನ್ನು ಕಳಿಸ್ತಾರೆ. ಇಬ್ಬರು ತಂದ್ರೆ ಇಬ್ಬರನ್ನು. ಹದಿಮೂರು ಜನ ಒಂದೇ ದಿನ ತಂದ್ರೆ, ನಕ್ಷೆ ಯಾರು ಮಾಡ್ತಾರೆ? ಆಗ ಕಿಟಕಿ ಕಾಗದದ ಬಗ್ಗೆ ಮಾತಾಡಬೇಕಾಗುತ್ತೆ. ಚೀಟಿಗಳನ್ನು ಒಟ್ಟಿಗೆ ಸೇರಿಸಿ ಮೇಲೆ ಕಳಿಸೋದು ನನ್ನ ಕೆಲಸ. ಆಗುತ್ತೆ ಅಂತ ಭರವಸೆ ಏನೂ ಕೊಡಲ್ಲ ನಾನು."

ಬಾಗಿಲ ತನಕ ಬಂದ ಮೇಲೆ ಲೆಕ್ಕ ಹಾಕಿದೆ. ನಾವು ಹನ್ನೆರಡು ಜನ.

"ಕಿಟಕಿ ಬೆಳಕು ಪರದೆ ಮೇಲೆ ನೇರ ಬೀಳೋ ಹಾಗೆ ಮಾತ್ರ ಕೇಳಬೇಡಿ, ಅದೂ ಕೆಟ್ಟದ್ದು. ಮೇಜುಗಳನ್ನ ಕಿಟಕಿಗೆ ಅಡ್ಡವಾಗಿ ತಿರುಗಿಸಿ" ಎಂದರು ಹಿಂದಿನಿಂದ.

"ಗೊತ್ತು ಸಾರ್. ಐದನೆಯ ಪುಟ."

ಊಟದ ಬಿಡುವಿನಲ್ಲಿ ಎಲ್ಲರಿಗೂ ಹೇಳಿದೆ, ಶನಿವಾರ ಒಟ್ಟಿಗೆ ಕಣ್ಣಾಸ್ಪತ್ರೆಗೆ ಹೋಗೋಣ ಎಂದು. ಭಾಷಣ ಬರೆದುಕೊಂಡು ಹೋಗಿದ್ದೆ, ಓದಲಿಲ್ಲ. ನನಗೆ ಕಣ್ಣು ಕಾಣುವುದಿಲ್ಲ, ಹಾಡು ಮಾತ್ರ ಬರುತ್ತದೆ ಎಂದೆ. ಚೀಟಿ ತಂದರೆ ಕೆಲಸ ಉಳಿಯುತ್ತದೆ ಎಂದು ನಾನು ಹೇಳಲಾರೆ ಎಂದೂ ಹೇಳಿದೆ. ಆಮೇಲೆ ಉದ್ದಣ್ಣ, ತನಗೆ ಸಂಜೆ ಹೊತ್ತಿಗೆ ಪ್ರತಿ ಛಾವಣಿಯೂ ಎರಡೆರಡು ಕಾಣುತ್ತದೆ, ಯಾವುದಕ್ಕೆ ಗೆರೆ ಎಳೆಯಬೇಕೆಂದು ಊಹೆ ಮಾಡುತ್ತೇನೆ ಎಂದ. "ಎಷ್ಟೋ ಊರಲ್ಲಿ ಯಾರದೋ ಮನೆ ಪಕ್ಕಕ್ಕೆ ಸರಿದಿದೆ, ನಾನೇ ಸರಿಸಿದ್ದು." ಆಮೇಲೆ ಒಬ್ಬೊಬ್ಬರಾಗಿ ಹೇಳಿದರು. ಒಬ್ಬಳಿಗೆ ಕಣ್ಣುರಿ. ಒಬ್ಬನಿಗೆ ಹುಬ್ಬಿನ ಮೇಲೆ ನೋವು. ಏಳನೆಯ ಸಾಲು ನಿಜವಾಗಿ ಕಂಡದ್ದು ಇಬ್ಬರಿಗೆ ಮಾತ್ರ.

ಅತ್ತಿಗೆ ಎದ್ದರು. ಡಬ್ಬಿ ತೊಳೆದರು, ಒರೆಸಿದರು, ಚೀಲದಲ್ಲಿಟ್ಟರು.

ಜೂನ್ 28, ಶುಕ್ರವಾರ

ಸಂಜೆ ಬಸ್ ನಿಲ್ದಾಣದಲ್ಲಿ ಅತ್ತಿಗೆಯ ಬಲಗಡೆ ನಿಂತಿದ್ದೆ. ಬಸ್ಸು ಬರುವುದು ದೂರದಲ್ಲಿ ಕಂಡಿತು, ದೊಡ್ಡದೊಂದು ಬೆಳಕು.

"ಯಾವ ನಂಬರು?" ಎಂದೆ.

"ನಿನ್ನದಲ್ಲ, ನನ್ನದು" ಎಂದರು. ಹತ್ತುವ ಮೊದಲು ತಿರುಗಿ ನಿಂತು, "ನಾಳೆ ಅಲ್ಲಿ ಸಾಲು ಉದ್ದ ಇರುತ್ತಂತೆ, ಬೇಗ ಬಾ. ಬರ್ತಾ ತಪ್ಪು ಬಸ್ಸು ಹತ್ತಬೇಡ, ಡ್ರೈವರನ್ನ ಕೇಳು" ಎಂದರು. ಕೈ ಚಾಚಿ ಕಂಬಿಯನ್ನು ಹುಡುಕಿದರು. ಅದು ಸಿಗುವ ತನಕ ನಾನು ಅವರ ಮೊಣಕೈ ಹಿಡಿದಿದ್ದೆ. ತರಚಿದ ಕಡೆ ಅಲ್ಲ, ಇನ್ನೊಂದು ಕಡೆ.

'ದುಡಿಯುವ ಕಣ್ಣು' ಹೊತ್ತಿಗೆಯ ಹರಿದ ಹಾಳೆಗಳಲ್ಲಿ ಏನಿತ್ತೋ ಗೊತ್ತಿಲ್ಲ. ನಾಳೆ ವೈದ್ಯರನ್ನೇ ಕೇಳುತ್ತೇನೆ.

ಅಪ್ಪನೂ ಬರುತ್ತಾರಂತೆ, ಸುಮ್ಮನೆ, ಜೊತೆಗೆ. ಉದ್ದಣ್ಣ ಎಲ್ಲರಿಗೂ ಫೋನು ಮಾಡಿ ಮತ್ತೊಮ್ಮೆ ಹೇಳಿದ್ದಾನೆ. ಮೀನಿಗೆ ಹೇಳಿದ್ದು ನಾನು. ಅವರು ಬರುವುದಾಗಿ ಹೇಳಲಿಲ್ಲ, ಗೇಟು ಯಾವ ಕಡೆಗಿದೆ ಎಂದು ಮಾತ್ರ ಕೇಳಿದರು.

ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ, ಕಣ್ಣಾಸ್ಪತ್ರೆಯ ರಸ್ತೆ ಕಡೆಯ ಗೇಟು.